ಹೆಸರು ಬಿಟ್ಟು ಹೊಲ ಹಿಡಿದೆ, ಏಳು ತಲೆಮಾರು ಸಿಕ್ತು

ಧಾರವಾಡ, ಬೆಳಗಾವಿ ಕಡೆ ವಂಶಾವಳಿ ಹುಡುಕೋರಿಗೆ ನಾನು ಹೇಳೋದು ಇಷ್ಟೇ, ಹೆಸರಿನ ಬೆನ್ನು ಹತ್ತಬೇಡಿ, ಹೊಲದ ಬೆನ್ನು ಹತ್ತಿ. ಮೊದಲು ಹಿಂಗಂದಾಗ ಇದೇ ಹವ್ಯಾಸ ಇರೋ ಗೆಳೆಯರೂ ನಂಬಲಿಲ್ಲ, ಅಜ್ಜನಿಂದ ಮೇಲಕ್ಕೆ ಕಾಗದದಲ್ಲಿ ಏನೂ ಸಿಗಲ್ಲ ಬಿಡು ಅಂದ್ರು. ನಮ್ಮ ಕಾಕಾ ಅಂತೂ ಇವನು ಪಾಲು ಕೇಳೋಕೆ ದಾರಿ ಮಾಡ್ಕೋತಿದಾನೆ ಅಂತ್ಲೇ ತಿಳಿದು ಹಳೇ ಟ್ರಂಕಿನ ಕೀಲಿ ಕೊಡದೆ ಸತಾಯಿಸಿದ್ರು. ಈಗ ಏಳು ತಲೆಮಾರಿನ ಪಟ್ಟಿ ಅವರ ಪಡಸಾಲಿ ಗೋಡೆ ಮೇಲೇ ಇದೆ, ಬಂದವರಿಗೆಲ್ಲ ಅವರೇ ತೋರಿಸ್ತಾರೆ.

ದುಡ್ಡು ಮೊದಲು ಹೋಗಿದ್ದು ಡಿಎನ್‌ಎ ಟೆಸ್ಟಿಗೆ, ಹತ್ತು ಸಾವಿರದ ಆಸುಪಾಸು. ಮ್ಯಾಚ್ ಅಂತ ಬಂದವರೆಲ್ಲ ಎಲ್ಲೆಲ್ಲೋ ಇರೋ ಐದನೇ ಆರನೇ ಸುತ್ತಿನ ಸಂಬಂಧಿಕರು, ನಮ್ಮೂರ ಜನ ಆ ಡೇಟಾಬೇಸಲ್ಲಿ ಇದ್ರೆ ತಾನೇ ಸಿಗೋದು. ಆಮೇಲೆ ಒಬ್ಬ ಏಜೆಂಟ್ ಹಳೇ ದಾಖಲೆ ತೆಗೆಸಿಕೊಡ್ತೀನಿ ಅಂತ ಆರೇಳು ಸಾವಿರ ಇಸ್ಕೊಂಡು ಕೊನೆಗೆ ಕೈಗಿಟ್ಟಿದ್ದು ನಾಡಕಚೇರಿ ವಂಶವೃಕ್ಷ, ಅದರಲ್ಲಿರೋದು ನಮ್ಮ ಮನೆಯವರೇ ಹೇಳಿ ಬರೆಸಿದ ಹೆಸರುಗಳು. ಶಾಲೆ ದಾಖಲಾತಿ ರಜಿಸ್ಟರನ್ನೂ ನೋಡಿದೆ, ಅಲ್ಲಿ ಸಾಲು ಸಾಲು ಹುಡುಗರೆಲ್ಲ ಜೂನ್ 1ಕ್ಕೇ ಹುಟ್ಟಿದವರು, ಮಾಸ್ತರು ಬರೆದಿದ್ದೇ ಜನ್ಮದಿನ. ತಂದೆ ಹೆಸರು ಖಾತ್ರಿ ಮಾಡ್ಕೊಳ್ಳೋಕೆ ಬಿಟ್ರೆ ಅದು ಬೇರೆ ಯಾವುದಕ್ಕೂ ಬರಲ್ಲ.

ಹೆಸರು ಯಾಕೆ ಬೇಡ ಅಂದ್ರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡೋದು ನಮ್ಮ ಪದ್ಧತಿ, ಬಸಪ್ಪನ ಮಗ ರುದ್ರಪ್ಪ, ರುದ್ರಪ್ಪನ ಮಗ ಬಸಪ್ಪ, ಅಣ್ಣ ತಮ್ಮ ಇಬ್ಬರ ಮನೇಲೂ ಅದೇ ಹೆಸರು, ಅಡ್ಡಹೆಸರೂ ಒಂದೇ. ಯಾವ ಬಸಪ್ಪ ಅಂತ ದೇವರೇ ಹೇಳಬೇಕು. ಹೊಲ ಹಂಗಲ್ಲ. ಸರ್ವೇ ನಂಬರ್ ಒಡೆದು ಹಿಸ್ಸಾ ಆಗುತ್ತೆ, ಆದ್ರೆ ಹೊಲ ಇದ್ದಲ್ಲೇ ಇರುತ್ತೆ. ಕೈಲಿರೋ ಪಹಣಿಯಿಂದ ಶುರು ಮಾಡಿ, ಅದರಲ್ಲಿರೋ ಎಂಆರ್ ನಂಬರ್ (ಹಕ್ಕು ಬದಲಾದಾಗಿನ ನಮೂದಿನ ಸಂಖ್ಯೆ) ಹಿಡಿದು ಹಿಂದಿನದಕ್ಕೆ, ಅಲ್ಲಿಂದ ಕೈಬರಹದ ಪಹಣಿಗೆ, ಅಲ್ಲಿಂದ ಹಳೇ ಡೈರಿಗೆ, ಅಂದ್ರೆ ಹಕ್ಕು ಬದಲಾವಣೆ ಬರೆದಿಡ್ತಿದ್ದ ರಜಿಸ್ಟರಿಗೆ, ಇಳೀತಾ ಹೋಗಿ. ಮುಂಬೈ ಪ್ರಾಂತ್ಯದಲ್ಲಿ ಹಕ್ಕುದಾಖಲೆ ಕಾಯ್ದೆ ಬಂದಿದ್ದು 1903ರಲ್ಲಿ, ನಮ್ಮೂರಲ್ಲಿ ನನಗೆ ಸಿಕ್ಕ ಅತಿ ಹಳೇ ನಮೂದು ಅದಾಗಿ ಹತ್ತು ಹನ್ನೆರಡು ವರ್ಷದ ಮೇಲಿನದು. ಏಕತ್ರೀಕರಣ (ತುಂಡು ಹೊಲಗಳನ್ನ ಒಟ್ಟುಗೂಡಿಸೋದು) ಆದ ಊರಾದ್ರೆ ಸರ್ವೇ ನಂಬರ್ ಹೋಗಿ ಬ್ಲಾಕ್ ನಂಬರ್ ಬಂದಿರುತ್ತೆ, ಹಳೇದು ಹೊಸದು ಹೊಂದಿಸೋ ತಖ್ತೆ ಮೊದಲು ತೆಗೆಸಿ, ಇಲ್ಲಾಂದ್ರೆ ಬೇರೆಯವರ ಮುತ್ಯಾನ ಹಿಂದೆ ಓಡಾಡ್ತೀರಿ.

ಆ ಡೈರಿಯ ಒಂದು ನಮೂದು ನನಗೆ ಬಾಯಿಪಾಠ ಆಗಿದೆ. ಖಾತೇದಾರ ಮಯತ, ವಾರಸಾ ಇಬ್ಬರು ಗಂಡುಮಕ್ಕಳು, ಇಬ್ಬರೂ ಅಜ್ಞಾನ, ಅ.ಪಾ.ಕ. ತಾಯಿ. ಇಷ್ಟೇ ಎರಡು ಸಾಲು, ಅಂದ್ರೆ ಖಾತೇದಾರ ತೀರಿಕೊಂಡ, ವಾರಸುದಾರರಾದ ಇಬ್ಬರು ಮಕ್ಕಳೂ ಅಪ್ರಾಪ್ತರು, ಅವರ ಪಾಲಕಿ ತಾಯಿ. ಆದ್ರೆ ಇಸವಿ 1918, ಎರಡು ನಮೂದಿನ ಕೆಳಗೆ ಅವನ ತಮ್ಮನೂ ಮಯತ, ಅದೇ ಪುಟದಲ್ಲಿ ಊರಿನ ಇನ್ನೂ ಐದಾರು ಮನೆ. ಇನ್‌ಫ್ಲುಯೆಂಜಾ ಬಂದ ವರ್ಷ ಅದು. ನಮ್ಮ ಮನೇಲಿ ಇಬ್ಬರೂ ಒಂದೇ ಬ್ಯಾನಿಗೆ ಹೋದ್ರು ಅಂತಷ್ಟೇ ಹೇಳ್ತಿದ್ರು, ಯಾವ ಬ್ಯಾನಿ ಯಾವ ಕಾಲ ಯಾರಿಗೂ ಗೊತ್ತಿರಲಿಲ್ಲ. ಆ ಇಬ್ಬರು ಹುಡುಗರನ್ನ ಸಾಕಿ, ಹೊಲ ಮಾರದೆ ಉಳಿಸಿದ ಅಜ್ಜಿಯ ಹೆಸರು ನಮ್ಮ ಮನೇಲಿ ಯಾರ ಬಾಯಲ್ಲೂ ಇರಲಿಲ್ಲ, ಆ ಕಾಗದದಲ್ಲಿತ್ತು. ಅವಳ ಹೆಸರನ್ನೇ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿದೀನಿ.

ಕಾಗದ ನಿಂತಲ್ಲಿಂದ ಮೇಲಕ್ಕೆ ಹೆಳವರು, ಅಂದ್ರೆ ಮನೆತನಗಳ ವಂಶಾವಳಿ ಹೊತ್ತಿಗೆಯಲ್ಲಿ ಬರೆದಿಟ್ಟು ಊರೂರಿಗೆ ಬಂದು ಓದಿ ಹೇಳೋರು. ಅವರು ಸುಗ್ಗಿ ಮುಗಿದ ಮೇಲೆ ಬರ್ತಾರೆ, ಅದೂ ಕೆಲವು ವರ್ಷಕ್ಕೊಮ್ಮೆ, ನಮ್ಮ ಮನೆತನದ ಹೆಳವರನ್ನ ಹುಡುಕೋಕೇ ಒಂದು ವರ್ಷದ ಮೇಲಾಯ್ತು. ಎರಡು ಚೀಲ ಜೋಳ, ಮೇಲೆ ಮೂರು ಸಾವಿರ ಕೊಟ್ಟೆ, ಕಾಕಾ ಕಣ್ಣು ಕೆಂಪು ಮಾಡಿದ್ರು. ನಾನು ಮಾಡಿದ್ದೇನಂದ್ರೆ ನನ್ನ ಕಾಗದದ ಹೆಸರು ಒಂದೂ ಬಾಯಿ ಬಿಡಲಿಲ್ಲ. ಹೆಳವಜ್ಜ ಹೊತ್ತಿಗೆ ಬಿಚ್ಚಿ ಓದ್ತಾ ಬಂದ, ಕೆಳಗಿನ ನಾಲ್ಕು ತಲೆಮಾರು ಡೈರಿ ಜೊತೆ ಹಂಗೇ ಕೂತ್ಕೊಂಡ್ವು, ದತ್ತಕ ಹೋದ ಒಬ್ಬ ಹುಡುಗನ ಸಮೇತ. ಅಷ್ಟು ಕೂತ ಮೇಲೆ ಮೇಲಿನ ಮೂರನ್ನ ನಂಬೋಕೆ ನನಗೆ ಯಾವ ಅಡ್ಡಿಯೂ ಇಲ್ಲ. ಎಲ್ಲಿಂದ ವಲಸೆ ಬಂದ್ವಿ ಅಂತ ಅವನು ಹೇಳಿದ ಊರಿಗೂ ಹೋಗಿದ್ದೆ, ಅದೇ ಬೆಡಗಿನ (ಕುಲದೊಳಗಿನ ಪಂಗಡದ), ಅದೇ ಮನೆದೇವರಿನ ನಾಲ್ಕೈದು ಮನೆ ಇವೆ. ಹೊತ್ತಿಗೆಯ ಫೋಟೋ ತೆಗೆಯೋಕೆ ಅವನು ಹೆಂಗೆ ಒಪ್ಪಿದ ಅನ್ನೋದು ಮಾತ್ರ ನನ್ನ ಹತ್ರಾನೇ ಇರಲಿ, ಹಾಗೇ ರೆಕಾರ್ಡ್ ರೂಮಿಗೆ ಯಾವ ವೇಳೆಗೆ ಹೋದ್ರೆ ಕೆಲಸ ಆಗುತ್ತೆ ಅನ್ನೋದೂ.

ಟ್ರಂಕಿನಲ್ಲಿ ಮೋಡಿ ಲಿಪಿಯ (ಹಿಂದೆ ಮರಾಠಿ ಬರೆಯೋಕೆ ಬಳಸ್ತಿದ್ದ ಲಿಪಿ) ಕಾಗದ ಒಂದಿಷ್ಟು ಸಿಕ್ವು, ಓದೋರಿಗೆ ಪುಟಕ್ಕೆ ಮುನ್ನೂರರಂತೆ ಕೊಟ್ಟು ಓದಿಸಿದ್ರೆ ಅರ್ಧ ಬರೀ ಸಾಲದ ಚೀಟಿ. ಇನ್ನೊಂದು ಕನ್ನಡ ಪತ್ರದಲ್ಲಿ ಇಸವಿನೇ ಇಲ್ಲ, ಧಾತು ಸಂವತ್ಸರ ಅಂತಷ್ಟೇ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತಲ್ಲ, ಹಾಗಾಗಿ ಅದು 1876ನೂ ಆಗಬಹುದು 1936ನೂ ಆಗಬಹುದು. ಒಳಗೆ ಬರಗಾಲ ಅಂತ ದನ ಮಾರಿದ ಮಾತಿದೆ, ಜೊತೆಗೆ ಸಾಕ್ಷಿ ಹಾಕಿದವನು ಹೆಳವರ ಹೊತ್ತಿಗೆಯಲ್ಲಿ ಕೆಳಗಿನಿಂದ ಐದನೇ ತಲೆಮಾರಿನವನು, ಅದಕ್ಕೆ ನಾನು ದೊಡ್ಡ ಬರದ ಕಾಲಕ್ಕೇ, ಅಂದ್ರೆ 1876ಕ್ಕೇ ಹಾಕಿದೀನಿ.

ಈಗ ಹಿಡಿದಿರೋದು ಕೊಟ್ಟ ಹೆಣ್ಣುಮಕ್ಕಳ ಕವಲು. ಅವರು ಹೊಲದ ಕಾಗದದಲ್ಲಿ ಬರೋದು ಕಡಿಮೆ, ಅದಕ್ಕೆ ಹಳೇ ಮದುವೆಗಳ ಆಯೇರಿ ಪಟ್ಟಿ ಜೋಡಿಸ್ತಾ ಇದೀನಿ. ಯಾವ ಊರಿಂದ ಯಾರು ಸೀರೆ ತಂದ್ರು, ಯಾರು ಎಷ್ಟು ರೂಪಾಯಿ ಹಾಕಿದ್ರು ಎಲ್ಲ ಊರಿನ ಹೆಸರ ಸಮೇತ ಬರೆದಿರ್ತಾರೆ, ಮೂರು ಮದುವೆ ಪಟ್ಟಿ ಪಕ್ಕ ಪಕ್ಕ ಇಟ್ರೆ ಬೀಗರ ಊರುಗಳು ತಾವಾಗೇ ಎದ್ದು ಬರ್ತವೆ. ಇಲ್ಲಿತನಕ ಎರಡು ಮನೆ ಸಿಕ್ಕಿವೆ, ಖರ್ಚು ಬಸ್ ಚಾರ್ಜ್ ಅಷ್ಟೇ.