ಫೈನಾನ್ಸ್ ಕಂಪನಿಗೆ ಸೇರುವ ಮೊದಲು, ಸೇರಿದ ಮೇಲೆ

ಕಾಸರಗೋಡಿನಲ್ಲಿ ದೊಡ್ಡ ಕಂಪನಿಯೊಂದರ ಚಿನ್ನದ ಸಾಲದ ಕೌಂಟರ್ ನೋಡುತ್ತೇನೆ. ಹೊಸದಾಗಿ ಸೇರುವವರು ಸಂಬಳ ಮಾತ್ರ ಕೇಳಬೇಡಿ. ಟಾರ್ಗೆಟ್ ಎಷ್ಟು, ಸಂಜೆ ಎಷ್ಟು ಹೊತ್ತಿಗೆ ಬಿಡುತ್ತಾರೆ ಅಂತ ಬ್ರಾಂಚಿನವರನ್ನೇ ವಿಚಾರಿಸಿ.

ಸಾಲಕ್ಕೆ ಇನ್ಶೂರೆನ್ಸ್ ಕಡ್ಡಾಯ ಅಂತ ಸುಳ್ಳು ಹೇಳಿ ಮಾರಲು ಮೇಲಿನವರು ಒತ್ತಾಯಿಸಿದರೆ, "ಸರ್, ಇದನ್ನು ಮೇಲ್‌ ಮಾಡಿ" ಎನ್ನಿ. ಬದಿಯಡ್ಕ ಕಡೆಯ ಅಡಿಕೆ ಕೃಷಿಕರು ನಾವು ಕನ್ನಡ ಮಾತಾಡುತ್ತೇವೆ ಅಂತಲೇ ನಂಬಿ ಸಹಿ ಹಾಕುತ್ತಾರೆ, ಅಲ್ವಾ? ಮಲಯಾಳದ ಫಾರ್ಮನ್ನು ಅವರಿಗೆ ಓದಿ ಹೇಳಿ, ಕ್ಯೂ ಎಷ್ಟೇ ಜಾಸ್ತಿ ಇದ್ದರೂ.

ವಾಟ್ಸಾಪ್ ಗ್ರೂಪಿನಲ್ಲಿ ಬೈದರೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹೆಂಗಸರಿಗೆ ಲೈಂಗಿಕ ಕಿರುಕುಳವಾದರೆ 2013ರ ಕಾನೂನು ಇದೆ. 10 ಅಥವಾ ಜಾಸ್ತಿ ನೌಕರರಿದ್ದಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. 3 ತಿಂಗಳೊಳಗೆ ದೂರನ್ನು ಬರೆದು ಕೊಡಿ, ಅದರ ಒಂದು ಪ್ರತಿಯನ್ನು ಮನೆಯಲ್ಲಿಡಿ.