ಅಮೆರಿಕದ ಮನೆಗೆ ಎಷ್ಟು ಕಿಲೋವ್ಯಾಟ್ ಜನರೇಟರ್ ಸಾಕು?

ಅಮೆರಿಕದಲ್ಲಿ ಮನೆಗೆ ಸ್ಟ್ಯಾಂಡ್‌ಬೈ ಜನರೇಟರ್, ಅಂದರೆ ಕರೆಂಟ್ ಹೋದಾಗ ಮನೆ ನಡೆಸುವ ಯಂತ್ರ, ಹಾಕಿಸಲು ಹೊರಟವರು ಮೊದಲು ನೋಡುವುದು ವಿದ್ಯುತ್ ಪ್ಯಾನೆಲ್‌ನ ಮುಖ್ಯ ಬ್ರೇಕರ್. ಅದರ ಮೇಲೆ ಹೆಚ್ಚಾಗಿ 200 ಆಂಪಿಯರ್ ಎಂದಿರುತ್ತದೆ. 240 ವೋಲ್ಟ್‌ನಿಂದ ಗುಣಿಸಿದರೆ 48 ಕಿಲೋವ್ಯಾಟ್! ಗಾಬರಿ ಬೇಡ. ಅದು ತಂತಿಯ ಮಿತಿ, ನಿಮ್ಮ ಮನೆಯ ಬಳಕೆಯಲ್ಲ. ಆ ಅಂಕಿಯನ್ನು ನಂಬಿ ಯಂತ್ರ ಕೊಳ್ಳಬೇಡಿ.

ಇಲ್ಲಿನ ಆಧಾರ ರಾಷ್ಟ್ರೀಯ ವಿದ್ಯುತ್ ಸಂಹಿತೆ, ಅಂದರೆ ಎನ್‌ಇಸಿ. ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವ ಈ ಸಂಹಿತೆಯ ಯಾವ ಆವೃತ್ತಿ ಜಾರಿಯಲ್ಲಿದೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ, ಕೆಲವೆಡೆ ನಗರದಿಂದ ನಗರಕ್ಕೆ ಬೇರೆ. ಪರ್ಮಿಟ್ ಕೊಡುವ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಮನೆಯ ಜನರೇಟರ್‌ಗೆ ಅನ್ವಯಿಸುವುದು 702ನೆಯ ವಿಧಿ. ಮನೆಯನ್ನು ಕಂಪನಿಯ ವಿದ್ಯುತ್ತಿನಿಂದ ಜನರೇಟರ್‌ಗೆ ಬದಲಾಯಿಸುವ ಟ್ರಾನ್ಸ್‌ಫರ್ ಸ್ವಿಚ್ಚನ್ನು ಕೈಯಿಂದ ತಿರುಗಿಸುವುದಾದರೆ ಯಾವುದು ಉರಿಯಬೇಕು, ಯಾವುದು ಬೇಡ ಎಂಬ ಆಯ್ಕೆ ನಿಮ್ಮದು. ಅದು ತಾನಾಗಿಯೇ ಬದಲಾಗುವಂಥದ್ದಾದರೆ, ಅದರ ಹಿಂದಿರುವ ಪೂರ್ತಿ ಲೋಡನ್ನು, ಅಂದರೆ ಅದಕ್ಕೆ ಜೋಡಿಸಿದ ಉಪಕರಣಗಳ ವಿದ್ಯುತ್ ಬೇಡಿಕೆಯನ್ನು, ಜನರೇಟರ್ ಹೊರಬೇಕು. ಇಲ್ಲವೇ ಲೋಡನ್ನು ತಾನೇ ಕಡಿತಗೊಳಿಸುವ ನಿರ್ವಹಣಾ ವ್ಯವಸ್ಥೆ ಇರಬೇಕು. ಹಣ ಉಳಿಯುವುದು ಈ ಎರಡನೆಯ ದಾರಿಯಲ್ಲಿ. ಕಾರಿನ ಚಾರ್ಜರ್, ಬಟ್ಟೆ ಒಣಗಿಸುವ ಯಂತ್ರ, ಎರಡನೆಯ ಎಸಿ ಸ್ವಲ್ಪ ಹೊತ್ತು ಕಾದರೆ ಯಾರಿಗೂ ತೊಂದರೆಯಿಲ್ಲ.

ಹಾಗಾದರೆ ಪೂರ್ತಿ ಲೋಡ್ ಎಂದರೆ ಎಷ್ಟು? ಚದರಡಿ ಮತ್ತು ಉಪಕರಣಗಳನ್ನು ಕೂಡಿಸುವ ಲೆಕ್ಕ 2023ರವರೆಗಿನ ಆವೃತ್ತಿಗಳಲ್ಲಿ 220ನೆಯ ವಿಧಿಯಲ್ಲಿದೆ. ಆದರೆ ಈಗಾಗಲೇ ಜನ ವಾಸಿಸುತ್ತಿರುವ ಮನೆಗೆ ಅದೇ ವಿಧಿಯ 220.87 ಹೆಚ್ಚು ನಿಜಕ್ಕೆ ಹತ್ತಿರ. ಕಳೆದ ಒಂದು ವರ್ಷದ ಗರಿಷ್ಠ ಬೇಡಿಕೆಯನ್ನು ತೆಗೆದುಕೊಂಡು 125 ಶೇಕಡಾಕ್ಕೆ ಏರಿಸಿ, ಹೊಸದಾಗಿ ಸೇರಿಸುವ ಲೋಡನ್ನು ಕೂಡಿಸುವುದು ಅದರ ಕ್ರಮ. ಗರಿಷ್ಠ ಬೇಡಿಕೆ 9.6 ಕಿಲೋವ್ಯಾಟ್ ಇದ್ದರೆ ಲೆಕ್ಕಕ್ಕೆ ಬರುವುದು 12, ಅಂದರೆ 50 ಆಂಪಿಯರ್. 48 ಎಲ್ಲಿ, 12 ಎಲ್ಲಿ!

ಸ್ಮಾರ್ಟ್ ಮೀಟರ್ ಇದ್ದರೆ ವಿದ್ಯುತ್ ಕಂಪನಿಯಿಂದ 15 ನಿಮಿಷದ ಅಂಕಿಅಂಶ ಕೇಳಿ. ಗಂಟೆಯ ಸರಾಸರಿಯಲ್ಲಿ ನಿಜವಾದ ಗರಿಷ್ಠ ಅಂಕಿ ಅಡಗಿಹೋಗುತ್ತದೆ. ತಿಂಗಳ ಬಿಲ್ಲಿನ ಯೂನಿಟ್‌ಗಳು ಈ ಕೆಲಸಕ್ಕೆ ಬಾರವು. ವರ್ಷದ ದಾಖಲೆ ಇಲ್ಲದಿದ್ದರೆ ಕನಿಷ್ಠ 30 ದಿನ ಸತತವಾಗಿ ಅಳೆಯಬಹುದು. ಆಗ ಬೇಸಿಗೆಯ ಎಸಿ ಅಥವಾ ಚಳಿಗಾಲದ ಹೀಟರ್, ಯಾವುದು ದೊಡ್ಡದೋ ಅದು ಲೆಕ್ಕದಲ್ಲಿರಬೇಕು. ಚಾವಣಿಯಲ್ಲಿ ಸೌರಫಲಕವಿದ್ದವರಿಗೆ ಈ 30 ದಿನಗಳ ವಿನಾಯಿತಿ ಇಲ್ಲ. ಜನರೇಟರ್ ವಿಷಯದಲ್ಲಿ ಅಳತೆಯ ಲೆಕ್ಕವನ್ನು ಒಪ್ಪುತ್ತೀರಾ ಎಂದು ಕೆಲಸ ಪರಿಶೀಲಿಸುವ ಇನ್‌ಸ್ಪೆಕ್ಟರ್ ಅವರನ್ನು ಮೊದಲೇ ಕೇಳುವುದು ಒಳ್ಳೆಯದು.

ಲೆಕ್ಕ ಸರಿಯಾದರೂ ಎಸಿ ಕಂಪ್ರೆಸರ್ ಶುರುವಾಗುವ ಕ್ಷಣ ಜನರೇಟರ್ ಮುಗ್ಗರಿಸಬಹುದು. ಎಸಿಯ ಫಲಕದ ಮೇಲೆ ಎಲ್‌ಆರ್‌ಎ ಎಂಬ ಅಂಕಿ, ಅಂದರೆ ಶುರುವಾಗುವ ಕ್ಷಣ ಎಳೆಯುವ ಕರೆಂಟ್, ಇರುತ್ತದೆ; ಓಡುವಾಗಿನ ಕರೆಂಟಿಗಿಂತ ಅದು ಹಲವು ಪಟ್ಟು. ಕಂಪ್ರೆಸರನ್ನು ನಿಧಾನವಾಗಿ ಶುರುಮಾಡುವ ಸಾಫ್ಟ್ ಸ್ಟಾರ್ಟರ್ ಹಾಕಿಸಿದರೆ ಆ ಆರಂಭದ ಕರೆಂಟ್ ಬಹಳ ಇಳಿಯುತ್ತದೆ. ಅದಕ್ಕಾಗಿ ದೊಡ್ಡ ಯಂತ್ರ ಕೊಳ್ಳುವುದಕ್ಕಿಂತ ಇದೇ ಜಾಣತನ.

ಇಂಧನವನ್ನೂ ಮರೆಯಬೇಡಿ. ಅನೇಕ ಮಾದರಿಗಳು ಪ್ರೊಪೇನ್‌ಗಿಂತ ನೈಸರ್ಗಿಕ ಅನಿಲದಲ್ಲಿ ಕಡಿಮೆ ಶಕ್ತಿ ಕೊಡುತ್ತವೆ. ಡೆನ್ವರ್‌ನಂತಹ ಎತ್ತರದ ಊರಿನಲ್ಲಿ ಅದು ಇನ್ನೂ ಕುಗ್ಗುತ್ತದೆ. ಒಲೆ, ಹೀಟರ್ ಜೊತೆಗೆ ಜನರೇಟರ್‌ಗೂ ಸಾಲುವಷ್ಟು ಅನಿಲ ಈಗಿನ ಮೀಟರ್ ಮತ್ತು ಪೈಪಿನಲ್ಲಿ ಹರಿಯುತ್ತದೆಯೇ ಎಂಬುದನ್ನು ಅನಿಲ ಕಂಪನಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ಮುಂಗಡ ಕೊಡಿ.