ಅದೇ ಹಿಡಿ, ಹೊಸ ಗಾಜು: ಸಾಹಸ ಗೇಮ್ ಸರಣಿಗೆ ಅಪ್‌ಗ್ರೇಡ್ ವ್ಯವಸ್ಥೆ ಸೇರಿಸಿದ ನನ್ನ ಅನುಭವ

ನಾನು ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೋದಲ್ಲಿ ಗೇಮ್ ಡಿಸೈನರ್ ಆಗಿದ್ದೇನೆ. ನಾವು ಹಲವು ವರ್ಷಗಳಿಂದ ಮಾಡಿಕೊಂಡು ಬಂದಿರುವ ಸಾಹಸ ಸರಣಿಯ ಮೊದಲ ಮೂರು ಗೇಮ್‌ಗಳಲ್ಲಿ ನಾಯಕಿಯ ಬಳಿ ಇದ್ದದ್ದು ನಾಲ್ಕೇ ಉಪಕರಣ: ಲಾಂದ್ರ, ಕೊಕ್ಕೆಹಗ್ಗ, ಕತ್ತಿ ಮತ್ತು ಗುರಾಣಿ. ಕಥೆಯ ಒಂದೊಂದು ಘಟ್ಟದಲ್ಲಿ ಒಂದೊಂದನ್ನು ಕೊಡುತ್ತಿದ್ದೆವು, ಕೊಟ್ಟ ಮೇಲೆ ಅದು ಕೊನೆಯವರೆಗೂ ಹಾಗೆಯೇ ಇರುತ್ತಿತ್ತು. ನಾಲ್ಕನೆಯ ಗೇಮ್ ಹಿಂದಿನವುಗಳ ಎರಡರಷ್ಟು ದೊಡ್ಡದಾದಾಗ ಈ ಸರಳ ಏರ್ಪಾಡು ಸಾಲದಾಯಿತು. ಮೊದಲ ಮೂರನೇ ಒಂದು ಭಾಗದಲ್ಲೇ ನಾಲ್ಕೂ ಉಪಕರಣ ಕೈಸೇರುತ್ತಿದ್ದವು; ಆಮೇಲೆ ಎಷ್ಟು ಕಷ್ಟಪಟ್ಟು ಪೆಟ್ಟಿಗೆ ತೆರೆದರೂ ಒಳಗೆ ಬರೀ ನಾಣ್ಯ. ಹೊಸ ಉಪಕರಣಗಳನ್ನು ಸೇರಿಸುತ್ತಾ ಹೋದರೆ ಕಂಟ್ರೋಲರ್‌ನಲ್ಲಿ ಗುಂಡಿಗಳು ಸಾಲುವುದಿಲ್ಲ. ಹಾಗಾಗಿ ಇರುವ ಉಪಕರಣಗಳನ್ನೇ ಹಂತಹಂತವಾಗಿ ಉತ್ತಮಪಡಿಸಿಕೊಳ್ಳುವ ವ್ಯವಸ್ಥೆ ಬೇಕು ಎಂದು ತೀರ್ಮಾನವಾಯಿತು, ಅದನ್ನು ರೂಪಿಸುವ ಹೊಣೆ ನನಗೆ ಬಂತು.

ಕೆಲಸ ಶುರುಮಾಡುವ ಮೊದಲು ಇದೇ ದಾರಿಯಲ್ಲಿ ನಡೆದ ದೊಡ್ಡ ಸರಣಿಗಳನ್ನು ಮತ್ತೆ ಆಡಿ ಟಿಪ್ಪಣಿ ಮಾಡಿಕೊಂಡೆ. 1986ರಲ್ಲಿ ಆರಂಭವಾದ ಜೆಲ್ಡಾ ಸರಣಿ ಈ ವಿಷಯದಲ್ಲಿ ಒಂದು ಪಾಠಶಾಲೆಯೇ ಸರಿ, ಏಕೆಂದರೆ ಒಂದೇ ಪ್ರಶ್ನೆಗೆ ಅದು ಬೇರೆಬೇರೆ ಕಾಲದಲ್ಲಿ ಬೇರೆಬೇರೆ ಉತ್ತರ ಕೊಟ್ಟಿದೆ. 1991ರ ‘ಎ ಲಿಂಕ್ ಟು ದ ಪಾಸ್ಟ್’ನಲ್ಲಿ ಕತ್ತಿಗೆ ನಾಲ್ಕು ಹಂತಗಳಿದ್ದು, ಅವುಗಳಲ್ಲಿ ಒಂದನ್ನು ಕಮ್ಮಾರರ ಕೈಯಲ್ಲಿ ಹದ ಹಾಕಿಸಿಕೊಳ್ಳಬೇಕು. 2000ದ ‘ಮಜೋರಾಸ್ ಮಾಸ್ಕ್’ನಲ್ಲಿ ಬೆಟ್ಟದ ಕಮ್ಮಾರ ಕತ್ತಿಯನ್ನು ಹರಿತ ಮಾಡಿಕೊಡುತ್ತಾನೆ, ಆದರೆ ಆ ಹರಿತ ನೂರು ಏಟಿಗೆ ಮುಗಿದುಹೋಗುತ್ತದೆ, ಉಳಿಯುವಂಥ ಅಲಗು ಬೇಕಾದರೆ ಚಿನ್ನದ ಪುಡಿ ತಂದುಕೊಡಬೇಕು. 2011ರ ‘ಸ್ಕೈವರ್ಡ್ ಸ್ವೋರ್ಡ್’ನಲ್ಲಿ ಸಾಮಗ್ರಿ ಕೂಡಿಸಿ ಅಂಗಡಿಯಲ್ಲಿ ಉಪಕರಣ ಸುಧಾರಿಸಿಕೊಳ್ಳುವ ಪೂರ್ಣ ವ್ಯವಸ್ಥೆಯೇ ಬಂತು. ಅದರಲ್ಲಿ ನನ್ನ ಗಮನ ಸೆಳೆದದ್ದು ಹಾರಿಸುವ ಯಂತ್ರಕೀಟವಾದ ಬೀಟಲ್. ವಸ್ತುಗಳನ್ನು ಎತ್ತಿ ಒಯ್ಯುವ ಕೊಕ್ಕೆ ಅದಕ್ಕೆ ಕಥೆಯ ಓಟದಲ್ಲೇ ಬರುತ್ತದೆ. ವೇಗ ಹೆಚ್ಚಿಸುವುದು ಮಾತ್ರ ಅಂಗಡಿಯ ಕೆಲಸ. ಈ ವ್ಯತ್ಯಾಸವನ್ನು ಆಗ ಬರೆದಿಟ್ಟುಕೊಂಡೆನಾದರೂ ಅದರ ಅರ್ಥ ನನಗೆ ತಿಳಿದದ್ದು ನಾನೇ ಎಡವಿದ ಮೇಲೆ.

ಮೊದಲ ತಪ್ಪು ಲೆಕ್ಕದ್ದು. ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ಉಪಕರಣಕ್ಕೂ ಹತ್ತು ಹಂತ ಹಾಕಿ, ಪ್ರತಿ ಹಂತಕ್ಕೂ ಮೂಲ ಬಲದ ಶೇ. 10ರಷ್ಟು ಕೂಡಿಸಿದೆ. ಕಾಗದದ ಮೇಲೆ ಅದು ಬಹಳ ನ್ಯಾಯವಾಗಿ ಕಾಣುತ್ತಿತ್ತು. ಹಿಂದಿನ ಮೂರು ಗೇಮ್‌ಗಳನ್ನೂ ಮುಗಿಸಿದ್ದ ಒಬ್ಬ ಆಟಗಾರ್ತಿಯನ್ನು ಪ್ಲೇಟೆಸ್ಟ್‌ಗೆ, ಅಂದರೆ ಬಿಡುಗಡೆಗೆ ಮುಂಚೆ ಗೇಮ್ ಆಡಿಸಿ ನೋಡುವ ಪರೀಕ್ಷೆಗೆ, ಕರೆದಿದ್ದೆವು. ಆಕೆ ಮೂರು ಹಂತ ಏರಿಸಿಕೊಂಡ ಮೇಲೆ ಏನು ಬದಲಾಯಿತು ಎಂದು ಕೇಳಿದೆ. “ಕತ್ತಿಯ ಬಣ್ಣ ಬದಲಾಯ್ತಲ್ಲ ಸರ್” ಎಂದಳು. ಮತ್ತೇನೂ ಹೊಳೆಯಲಿಲ್ಲ.

ಆ ದಿನ ಸಂಜೆ ಕುಳಿತು ಲೆಕ್ಕ ಬಿಡಿಸಿದಾಗ ಅವಳ ಮಾತು ಅಕ್ಷರಶಃ ಸರಿ ಎಂದು ಗೊತ್ತಾಯಿತು. ನಮ್ಮ ಗೇಮ್‌ನ ಬಾವಲಿಗೆ ಜೀವ 30, ಕತ್ತಿಯ ಏಟು 10. ಅಂದರೆ ಮೂರು ಏಟಿಗೆ ಬಾವಲಿ ಬೀಳುತ್ತದೆ. ಏಟಿನ ಬಲ 11 ಆದರೂ ಮೂರು ಏಟು, 12 ಆದರೂ ಮೂರು, 13ಕ್ಕೂ ಮೂರು, 14ಕ್ಕೂ ಮೂರು. 15 ಆದಾಗ ಮಾತ್ರ ಅದು ಎರಡಕ್ಕೆ ಇಳಿಯುತ್ತದೆ. ಅಲ್ಲಿಂದ 20ರವರೆಗೆ ಮತ್ತೆ ಎರಡೇ. ಹತ್ತು ಹಂತಗಳಲ್ಲಿ ಆಟಗಾರನ ಕೈಗೆ ತಿಳಿಯುವುದು ಒಂದೇ ಒಂದು. ಉಳಿದ ಒಂಬತ್ತಕ್ಕೆ ಅವನು ಸಾಮಗ್ರಿ ಸುರಿದು ಪಡೆಯುವುದು ಏನೂ ಇಲ್ಲ. ದೊಡ್ಡ ಶತ್ರುಗಳಲ್ಲಿ ಇನ್ನೂ ಬೇಸರದ ಸಂಗತಿ ಕಂಡಿತು. ಜೀವ 100 ಇರುವ ಕಾವಲುಗಾರನಿಗೆ ಒಂದು ಹಂತ ಏರಿಸಿದ, ಅಂದರೆ ಬಲ 11ರ ಕತ್ತಿಯಿಂದ ಒಂಬತ್ತು ಏಟು ಕೊಟ್ಟರೆ 99 ಆಗುತ್ತದೆ. ಉಳಿದ ಒಂದು ಅಂಕಕ್ಕಾಗಿ ಹತ್ತನೆಯ ಏಟನ್ನೂ ಕೊಡಲೇಬೇಕು, ಅಂದರೆ ಅಪ್‌ಗ್ರೇಡ್ ಮಾಡದಿದ್ದವನಷ್ಟೇ ದುಡಿಯಬೇಕು. ಆಟಗಾರ ಶೇಕಡಾವಾರನ್ನು ಅನುಭವಿಸುವುದಿಲ್ಲ, ಏಟುಗಳನ್ನು ಎಣಿಸುತ್ತಾನೆ. ಹಾಗಾಗಿ ಹತ್ತು ಹಂತಗಳನ್ನು ಅಳಿಸಿ ಮೂರೇ ಇಟ್ಟೆ. ಕತ್ತಿಯ ಮೊದಲ ಹಂತ 10, ಎರಡನೆಯದು 15. ಮೂರನೆಯ ಹಂತದಲ್ಲಿ ಅಂಕವನ್ನು ಮುಟ್ಟದೆ, ಒಂದೇ ಬೀಸಿಗೆ ಸುತ್ತಲಿನ ಶತ್ರುಗಳೆಲ್ಲರಿಗೂ ತಾಗುವ ಹೊಸ ಬಗೆಯ ಏಟನ್ನು ಕೊಟ್ಟೆ. ಶತ್ರುಗಳ ಜೀವವನ್ನು ಮೊದಲ ಹಂತದ ಕತ್ತಿಗೇ ಹೊಂದಿಸಿದೆವು. ಹಳೆಯ ಗೇಮ್‌ಗಳ ರೀತಿಯಲ್ಲೇ, ಏನೊಂದನ್ನೂ ಸುಧಾರಿಸಿಕೊಳ್ಳದೆ ಆಡಬೇಕೆನ್ನುವ ಹಳೆಯ ಆಟಗಾರರು ನಮಗೆ ಅನೇಕರಿದ್ದಾರೆ. ಅವರೂ ಗೇಮ್ ಮುಗಿಸುವಂತಿರಬೇಕು ಎಂಬುದು ನನ್ನ ಮಟ್ಟಿಗೆ ಬಿಟ್ಟುಕೊಡಲಾಗದ ಷರತ್ತಾಗಿತ್ತು.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು, ಮತ್ತು ಸಾಹಸ ಗೇಮ್‌ಗಳಿಗೇ ವಿಶೇಷವಾದದ್ದು. ಬರೀ ಕಾಳಗದ ಗೇಮ್‌ನಲ್ಲಿ ಉಪಕರಣವೆಂದರೆ ಬಲ. ಸಾಹಸ ಗೇಮ್‌ನಲ್ಲಿ ಅದು ಬಲಕ್ಕಿಂತ ಮುಂಚೆ ಬೀಗದಕೈ. ಕಂದರದ ಆಚೆಗೆ ಹೋಗಲು ಕೊಕ್ಕೆಹಗ್ಗ ಬೇಕು, ಕತ್ತಲೆಯ ಸುರಂಗಕ್ಕೆ ಲಾಂದ್ರ ಬೇಕು. ಎಲ್ಲಿ ಯಾವುದು ಬೇಕು ಎಂಬುದರ ಮೇಲೆಯೇ ಇಡೀ ನಕ್ಷೆ ನಿಂತಿದೆ. ನಾನು ಇದನ್ನು ಮರೆತು ಹಗ್ಗದ ಉದ್ದವನ್ನು ಅಪ್‌ಗ್ರೇಡ್ ಪಟ್ಟಿಗೆ ಸೇರಿಸಿಬಿಟ್ಟೆ. ಎಂಟು ಮೀಟರ್ ಇದ್ದ ಹಗ್ಗ ಹನ್ನೆರಡು ಮೀಟರ್ ಆಯಿತು. ಮಾರನೆಯ ವಾರದ ಬಿಲ್ಡ್‌ನಲ್ಲಿ, ಅಂದರೆ ಅಲ್ಲಿಯವರೆಗೆ ಸಿದ್ಧವಾದ ಗೇಮ್‌ನ ಆವೃತ್ತಿಯಲ್ಲಿ, ನಮ್ಮ ಟೆಸ್ಟರ್ ಎರಡನೆಯ ಪ್ರದೇಶದ ಕಂದರವನ್ನು ನೇರವಾಗಿ ದಾಟಿ, ದೇಗುಲದ ಹಿಂದಿನ ಅಂಗಳಕ್ಕೆ ಇಳಿದ. ಆ ಅಂಗಳದ ಬಾಗಿಲು ಒಳಗಿನ ಒಗಟು ಬಿಡಿಸಿದ ಮೇಲೆ ಮಾತ್ರ ತೆರೆಯುವಂಥದ್ದು. ಮೇಲಿನಿಂದ ಇಳಿದದ್ದರಿಂದ ಮರಳಿ ಹತ್ತಲು ಕೊಕ್ಕೆ ಸಿಕ್ಕಿಸುವ ಜಾಗವೂ ಇರಲಿಲ್ಲ. ಅಷ್ಟರಲ್ಲಿ ಆಟ ತಾನಾಗಿಯೇ ಸೇವ್ ಆಗಿತ್ತು. ಅವನ ಮೂರು ಗಂಟೆಯ ಆಟ ಆ ನಾಲ್ಕು ಗೋಡೆಗಳ ನಡುವೆ ಮುಗಿದುಹೋಯಿತು.

ಇಂಥ ಜಾಗಗಳನ್ನು ಒಂದೊಂದಾಗಿ ತಿದ್ದಲು ಮೊದಲು ಪ್ರಯತ್ನಿಸಿದೆವು. ಒಂದು ಗೋಡೆ ಎತ್ತರಿಸಿದರೆ ಇನ್ನೊಂದು ಕಡೆ ದಾರಿ ತೆರೆಯುತ್ತಿತ್ತು. ಕೊನೆಗೆ ಬೀಟಲ್ ಬಗ್ಗೆ ಬರೆದುಕೊಂಡಿದ್ದ ಟಿಪ್ಪಣಿ ನೆನಪಾಗಿ, ಉಪಕರಣಗಳ ಗುಣಗಳನ್ನು ಎರಡು ಪ್ರತ್ಯೇಕ ಏಣಿಗಳಾಗಿ ವಿಂಗಡಿಸಿದೆ. ಬೀಗ ತೆರೆಯುವ ಗುಣಗಳು, ಅಂದರೆ ಹಗ್ಗದ ಉದ್ದ, ಅದು ಎಳೆಯಬಲ್ಲ ಭಾರ, ಲಾಂದ್ರದ ಬೆಳಕು ತಲುಪುವ ದೂರ ಇಂಥವು ಕಥೆಯ ಘಟ್ಟಗಳಲ್ಲಿ ಮಾತ್ರ ಬದಲಾಗುತ್ತವೆ. ಕೆಲಸವನ್ನು ಹಗುರ ಮಾಡುವ ಗುಣಗಳು, ಅಂದರೆ ಹಗ್ಗ ಸುತ್ತಿಕೊಳ್ಳುವ ವೇಗ, ಜೋತಾಡುವಾಗಲೇ ಇನ್ನೊಂದು ಕೊಕ್ಕೆ ಎಸೆಯುವ ಅನುಕೂಲ ಇಂಥವು ಆಟಗಾರ ಹುಡುಕಿ ತಂದ ಸಾಮಗ್ರಿಯಿಂದ ಬದಲಾಗುತ್ತವೆ. 1996ರಲ್ಲಿ ಶುರುವಾದ ಟೂಂಬ್ ರೈಡರ್ ಸರಣಿಯನ್ನು 2013ರಲ್ಲಿ ಹೊಸದಾಗಿ ಕಟ್ಟಿದಾಗಲೂ ಹೆಚ್ಚುಕಡಿಮೆ ಇಂಥದ್ದೇ ವಿಂಗಡಣೆ ಇತ್ತೆಂದು ಮತ್ತೊಮ್ಮೆ ಆಡಿದಾಗ ಕಂಡುಕೊಂಡೆ: ಹಗ್ಗ ಕಟ್ಟಿದ ಬಾಣದಂಥ ದಾರಿ ತೆರೆಯುವ ಸಲಕರಣೆ ಕಥೆಯಿಂದ ಬರುತ್ತದೆ, ಬಿಲ್ಲು ಬಂದೂಕುಗಳ ಸುಧಾರಣೆ ಕೂಡಿಟ್ಟ ಗುಜರಿಯಿಂದ ಶಿಬಿರದ ಬೆಂಕಿಯ ಪಕ್ಕ ನಡೆಯುತ್ತದೆ. ಗೇಮ್‌ನ ಪ್ರದೇಶಗಳನ್ನು ಕಟ್ಟುವ ತಂತ್ರಾಂಶವಾದ ಲೆವೆಲ್ ಎಡಿಟರ್‌ನಲ್ಲೂ ಒಂದು ಬದಲಾವಣೆ ಮಾಡಿಸಿದೆವು. ಅದುವರೆಗೆ ಕಂದರದ ಅಗಲವನ್ನು ಕಲಾವಿದರು ಕಣ್ಣಂದಾಜಿನಲ್ಲಿ ಇಡುತ್ತಿದ್ದರು. ಈಗ ಪ್ರತಿ ಕಂದರಕ್ಕೂ ‘ಮೊದಲ ಹಗ್ಗ’, ‘ಎರಡನೆಯ ಹಗ್ಗ’ ಅಥವಾ ‘ದಾಟಲಾಗದು’ ಎಂಬ ಗುರುತು ಹಾಕಲೇಬೇಕು, ಅಗಲ ಆ ಗುರುತಿಗೆ ಹೊಂದದಿದ್ದರೆ ಅಂಚು ಕೆಂಪಾಗುತ್ತದೆ. ಇಡೀ ಯೋಜನೆಯಲ್ಲಿ ನಮ್ಮನ್ನು ಅತಿ ಹೆಚ್ಚು ಕಾಪಾಡಿದ್ದು ಈ ಸಣ್ಣ ಕೆಂಪು ಗೆರೆ.

ಸಾಮಗ್ರಿಯ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಸತ್ತ ಶತ್ರುಗಳಿಂದ ಅದೃಷ್ಟವಿದ್ದಂತೆ ಸಾಮಗ್ರಿ ಬೀಳುವ ಹಾಗೆ ಮೊದಲು ಮಾಡಿದ್ದೆವು. ಆಟಗಾರರು ಒಂದೇ ಗುಹೆಯ ಬಾಯಲ್ಲಿ ನಿಂತು, ಒಳಗೆ ಹೋಗಿ ಹೊರಗೆ ಬಂದು, ಅದೇ ಐದು ಬಾವಲಿಗಳನ್ನು ಅರ್ಧ ಗಂಟೆ ಹೊಡೆಯುತ್ತಿದ್ದರು. ಸಾಹಸ ಅಲ್ಲಿಗೇ ನಿಂತುಹೋಗುತ್ತಿತ್ತು. ಜೆಲ್ಡಾ ಸರಣಿಯದೇ ಆದ 2013ರ ‘ಎ ಲಿಂಕ್ ಬಿಟ್ವೀನ್ ವರ್ಲ್ಡ್ಸ್’ನಲ್ಲಿ ನಾಡಿನ ತುಂಬ ಚದುರಿಹೋದ, ಮೈಯಾಮೈ ಎಂಬ ಜೀವಿಯ ನೂರು ಮರಿಗಳಿವೆ, ಹತ್ತು ಮರಿಗಳನ್ನು ತಾಯಿಯ ಬಳಿ ಸೇರಿಸಿದರೆ ಒಂದು ಉಪಕರಣ ಸುಧಾರಿಸುತ್ತದೆ. ಅಲ್ಲಿ ಸುಧಾರಿಸಿದ ಬಿಲ್ಲು ಒಂದೇ ಸಲಕ್ಕೆ ಮೂರು ಬಾಣ ಬಿಡುತ್ತದೆ, ಯಾರಿಗೂ ವಿವರಿಸಬೇಕಾಗಿಲ್ಲ. ನಾವೂ ಅದೃಷ್ಟವನ್ನು ಕೈಬಿಟ್ಟು ಎಣಿಸಿ ಇಟ್ಟೆವು: ಇಡೀ ನಕ್ಷೆಯಲ್ಲಿ 64 ತುಣುಕು, ಎಲ್ಲ ಸುಧಾರಣೆಗೆ ಬೇಕಾದದ್ದು 52. ಹನ್ನೆರಡು ತುಣುಕು ಕಣ್ಣುತಪ್ಪಿದರೂ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ಇಷ್ಟಾದರೂ ಅಪ್‌ಗ್ರೇಡ್ ಆಗುವ ಕ್ಷಣ ನನಗೆ ಹಿಡಿಸಿರಲಿಲ್ಲ. ಮೆನುವಿನಲ್ಲಿ ಗುಂಡಿ ಒತ್ತಿದರೆ ಹಳೆಯ ಚಿತ್ರ ಮಾಯವಾಗಿ ಥಳಥಳ ಹೊಳೆಯುವ ಹೊಸ ಲಾಂದ್ರ ಬರುತ್ತಿತ್ತು. ಮೂರು ಗೇಮ್‌ಗಳಲ್ಲಿ ಜೊತೆಗಿದ್ದ ವಸ್ತುವನ್ನು ಯಾರೋ ಕಿತ್ತುಕೊಂಡು ಬೇರೊಂದನ್ನು ಕೈಗಿಟ್ಟ ಹಾಗೆ ಇತ್ತು ಅದು. ಆ ದಿನಗಳಲ್ಲಿ ಹಾಸನದ ಕಡೆಯ ನಮ್ಮ ಸೋದರಮಾವನ ಊರಿಗೆ ಹೋಗಿದ್ದಾಗ, ಮಾವ ಕುಡುಗೋಲಿಗೆ ಕಕ್ಕು ಹಾಕಿಸಲು ಕುಲುಮೆಗೆ ಹೊರಟರು, ನಾನೂ ಜೊತೆಗೆ ಹೋದೆ. ಕಮ್ಮಾರರು ಅಲಗನ್ನು ಕಾಯಿಸಿ ತಟ್ಟಿ, ಉಳಿಯಿಂದ ಒಂದೊಂದೇ ಕಕ್ಕು ಕಡಿದು, ಆಮೇಲೆ ನೀರಿಗದ್ದುತ್ತಿದ್ದರು. ಹಿಡಿ ಸವೆದು ಕಪ್ಪಾಗಿ ಹೆಬ್ಬೆರಳಿನ ಜಾಗದಲ್ಲಿ ತಗ್ಗು ಬಿದ್ದಿತ್ತು. ಅದನ್ನೂ ಬದಲಿಸಬಾರದೇ ಎಂದು ಕೇಳಿದೆ. “ಹಿಡಿ ಯಾಕ್ ಬದ್ಲಾಯಿಸ್ತೀರಿ ಸ್ವಾಮಿ, ಕೈಗೆ ಒಗ್ಗಿರೋದು ಅದೇ ಅಲ್ವಾ” ಎಂದರು. ಮಾವನೂ ಹೂಂಗುಟ್ಟಿದರು.

ಬೆಂಗಳೂರಿಗೆ ಬಂದವನು ಕಲಾವಿಭಾಗದವರೊಡನೆ ಕೂತು, ಪ್ರತಿ ಉಪಕರಣದಲ್ಲೂ ಎಂದಿಗೂ ಬದಲಾಗದ ಒಂದು ಭಾಗವನ್ನು ಗುರುತಿಸಿದೆ. ಲಾಂದ್ರಕ್ಕೆ ಅದು ಹಿಡಿ. ಮೊದಲ ಗೇಮ್‌ನಲ್ಲಿ ಇದ್ದ ಅದೇ ಬಾಗಿದ ಕಬ್ಬಿಣದ ಹಿಡಿ, ಅದೇ ನೆಗ್ಗು. ಮೆನುವನ್ನು ತೆಗೆದು, ಊರಿನ ಕುಲುಮೆಗೆ ಹೋಗಿ ಉಪಕರಣವನ್ನು ಕೊಟ್ಟು, ಕಣ್ಣೆದುರಿಗೇ ಒಂದು ಭಾಗ ಬಿಚ್ಚಿ ಇನ್ನೊಂದು ಭಾಗ ಕೂರಿಸುವುದನ್ನು ನೋಡುವ ಹಾಗೆ ಮಾಡಿದೆವು. ಆ ದೃಶ್ಯ ನಾಲ್ಕು ಸೆಕೆಂಡು. ಎರಡನೆಯ ಸಲದಿಂದ ಗುಂಡಿ ಒತ್ತಿ ಅದನ್ನು ದಾಟಿಸಬಹುದು.

ಲಾಂದ್ರಕ್ಕೆ ಕುಲುಮೆಯಲ್ಲಿ ಆಗುವ ಕೆಲಸ ಮೂರು. ಅಗಲದ ಬತ್ತಿ ಹಾಕಿಸಿದರೆ ಹಣತೆಗಳನ್ನು ಹತ್ತಿರ ಹೋಗದೆಯೇ ಹಚ್ಚಬಹುದು. ದೊಡ್ಡ ಬುರುಡೆ ಹಾಕಿಸಿದರೆ ಎಣ್ಣೆ ಹೆಚ್ಚು ಹಿಡಿಯುತ್ತದೆ. ಇದರಲ್ಲಿ ಒಂದು ಸೂಕ್ಷ್ಮವಿದೆ: 2005ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಬಂದೂಕಿನ ಧಾರಣಶಕ್ತಿ ಹೆಚ್ಚಿಸಿದಾಗ ಗುಂಡುಗಳೂ ಪೂರ್ತಿ ತುಂಬಿಬರುತ್ತವೆ, ಹಾಗಾಗಿ ಅನುಭವಿಗಳು ಗುಂಡು ಖಾಲಿಯಾಗುವವರೆಗೆ ಆ ಸುಧಾರಣೆಯನ್ನು ತಡೆದಿಟ್ಟುಕೊಳ್ಳುತ್ತಾರೆ. ನಮ್ಮ ಬುರುಡೆಯೂ ಎಣ್ಣೆ ತುಂಬಿಯೇ ಬರುತ್ತದೆ. ಈಗಲೇ ಮಾಡಿಸಲೇ, ಎಣ್ಣೆ ತೀರಲಿ ಎಂದು ಕಾಯಲೇ ಎಂಬ ಆ ಸಣ್ಣ ಯೋಚನೆ ಆಟಗಾರನ ತಲೆಯಲ್ಲಿ ಓಡುವುದು ನನಗೆ ಇಷ್ಟ. ಮೂರನೆಯದು ಗಾಜಿನ ಮುಚ್ಚಳ, ಅದಿದ್ದರೆ ಗಾಳಿಗೆ ದೀಪ ಆರುವುದಿಲ್ಲ. ಇದು ಬೀಗ ತೆರೆಯುವ ಗುಣವಾದದ್ದರಿಂದ ಅದಕ್ಕೆ ತುಣುಕು ಬೇಕಿಲ್ಲ; ಕಥೆ ಮುಕ್ಕಾಲು ಪಾಲು ಮುಗಿದಾಗ ಗಾಜು ಕೈಸೇರುತ್ತದೆ, ಕೂರಿಸುವುದಷ್ಟೇ ಕುಲುಮೆಯ ಕೆಲಸ.

ಈ ಮೂರು ಬಗೆಯ ಲಾಂದ್ರಗಳೇ ನಮಗೆ ವಿಚಿತ್ರವಾದ ಬಗ್ (ಕೋಡ್‌ನ ದೋಷ) ಒಂದನ್ನು ತಂದವು. ಮೊದಲ ಗೇಮ್‌ನಿಂದ ಬಂದ ಕೋಡ್‌ನಲ್ಲಿ ಪ್ರತಿ ವಸ್ತುವಿಗೂ ಒಂದು ಗುರುತಿನ ಸಂಖ್ಯೆ ಇತ್ತು. ಕಲ್ಲಿನ ಹಣತೆಯು ‘ಕೈಯಲ್ಲಿರುವುದು ಏಳನೆಯ ವಸ್ತುವೇ’ ಎಂದು ಕೇಳಿ, ಹೌದಾದರೆ ಹೊತ್ತಿಕೊಳ್ಳುತ್ತಿತ್ತು. ಸುಧಾರಿಸಿದ ಲಾಂದ್ರಕ್ಕೆ ನಾವು ಅವಸರದಲ್ಲಿ ಹೊಸ ಸಂಖ್ಯೆ ಕೊಟ್ಟಿದ್ದೆವು. ಹೀಗಾಗಿ ಹೆಚ್ಚು ಉರಿಯುವ ಲಾಂದ್ರ ಹಿಡಿದು ನಿಂತರೂ ಹಳೆಯ ಹಣತೆಗಳು ಹೊತ್ತಿಕೊಳ್ಳಲಿಲ್ಲ. ವಸ್ತು ಯಾವುದು ಎಂಬುದನ್ನೂ ಅದರ ಹಂತ ಎಷ್ಟು ಎಂಬುದನ್ನೂ ಬೇರೆಬೇರೆಯಾಗಿ ಸೇವ್ ಮಾಡುವಂತೆ ಎಲ್ಲವನ್ನೂ ತಿದ್ದಲು ಪ್ರೋಗ್ರಾಮರ್‌ಗಳಿಗೆ ಮೂರು ವಾರ ಹಿಡಿಯಿತು. ಹಳೆಯ ಸರಣಿಗೆ ಇಂಥ ವ್ಯವಸ್ಥೆ ಸೇರಿಸುವವರು ಈ ಕೆಲಸವನ್ನು ಮೊದಲ ದಿನವೇ ಮಾಡಿಕೊಳ್ಳಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಗಾಜಿನ ಮುಚ್ಚಳಕ್ಕೆ ಒಂದು ಉಪಯೋಗ ಬೇಕಿತ್ತು. ಮೊದಲ ಗೇಮ್‌ನ ಮೊದಲ ಕಣಿವೆಯಲ್ಲಿ ಗಾಳಿ ಬೀಸುವ ಒಂದು ಗುಹೆಯಿದೆ. ಒಳಗೆ ಹತ್ತು ಹೆಜ್ಜೆ ಇಡುವಷ್ಟರಲ್ಲಿ ದೀಪ ಆರಿ ನಾಯಕಿ ಹಿಂದಕ್ಕೆ ಬರುತ್ತಾಳೆ. ಆಗ ನಮ್ಮ ಬಳಿ ಸಮಯವಿಲ್ಲದೆ, ಆಚೆಗೆ ಏನೂ ಕಟ್ಟಿರಲಿಲ್ಲ. ನಾಲ್ಕನೆಯ ಗೇಮ್‌ನ ನಕ್ಷೆಗೆ ಅದೇ ಕಣಿವೆಯನ್ನು, ಅದೇ ಗುಹೆಯನ್ನು ಸೇರಿಸಿ, ಈ ಸಲ ಒಳಗಿನ ದಾರಿಯನ್ನು ನಿಜವಾಗಿ ಕಟ್ಟಿದೆವು. ಅಲ್ಲಿಗೆ ಹೋಗಬೇಕೆಂದು ಎಲ್ಲೂ ಸೂಚನೆ ಇಡಲಿಲ್ಲ.

ಕೊನೆಯ ಸುತ್ತಿನ ಪ್ಲೇಟೆಸ್ಟ್‌ಗೆ ಮೊದಲು ಬಂದಿದ್ದ ಆಟಗಾರ್ತಿಯನ್ನೇ ಕರೆದೆವು. ಗಾಜು ಕೂರಿಸಿಕೊಂಡವಳು ಮುಂದಿನ ಊರಿನ ದಾರಿ ಹಿಡಿದು, ಸ್ವಲ್ಪ ದೂರ ಹೋಗಿ ನಿಂತಳು. ನಕ್ಷೆ ತೆರೆದು ನೋಡಿದಳು. “ಆ ಗಾಳಿ ಗುಹೆ ಇದರಲ್ಲೂ ಇದೆ ಅಲ್ವಾ ಸರ್?” ಎಂದು ಕೇಳಿದಳು. ನಾನು ಉತ್ತರ ಕೊಡುವಂತಿರಲಿಲ್ಲ. ಅವಳು ಕುದುರೆ ತಿರುಗಿಸಿ, ಇಡೀ ನಾಡನ್ನು ಹಿಂದಕ್ಕೆ ದಾಟಿ, ಕಣಿವೆಗೆ ಬಂದು ಗುಹೆಯೊಳಗೆ ಹೆಜ್ಜೆಯಿಟ್ಟಳು. ಹತ್ತನೆಯ ಹೆಜ್ಜೆಗೆ ಗಾಳಿಯ ಸದ್ದು ಏರಿತು, ಗಾಜಿನೊಳಗಿನ ಜ್ವಾಲೆ ಒಂದು ಕಡೆಗೆ ಪೂರ್ತಿ ಬಾಗಿ ಮತ್ತೆ ನೆಟ್ಟಗಾಯಿತು. ಅವಳು ಮುಂದೆ ಹೋಗಲಿಲ್ಲ. ಎರಡು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ ಇಡುತ್ತಾ, ಜ್ವಾಲೆ ಬಾಗುವುದನ್ನೂ ಏಳುವುದನ್ನೂ ನೋಡುತ್ತಾ ತುಂಬ ಹೊತ್ತು ಅಲ್ಲೇ ನಿಂತಿದ್ದಳು.